ಲಾಜಿಸ್ಟಿಕ್ಸ್ ಮ್ಯಾನೇಜರ್ ಆಗಲು ಈಗ ಏನೇನು ಕಲಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನೆಲಮಂಗಲ ಕಡೆಯ ಗೋಡೌನ್‌ಗಳಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಬಂದ ಸರಕಿಗೆ ರಸೀದಿ ಬರೆಯುವ ಗುಮಾಸ್ತನಾಗಿ ಸೇರಿದೆ. ಈಗ ಹೊಸದಾಗಿ ಮ್ಯಾನೇಜರ್ ಆಗುವವರಿಗೆ ತರಬೇತಿ ಕೊಡುತ್ತೇನೆ. ಬರುವವರಲ್ಲಿ ಎರಡು ಬಗೆ. ಎಂಬಿಎ ಮುಗಿಸಿ ಲ್ಯಾಪ್‌ಟಾಪ್ ಹಿಡಿದು ಬರುವ ಹುಡುಗ ಹುಡುಗಿಯರು ಒಂದು ಕಡೆ. ಹದಿನೈದು ವರ್ಷ ಲೋಡಿಂಗ್ ಡಾಕ್‌ನಲ್ಲಿ (ಲಾರಿಗೆ ಸರಕು ಏರಿಸಿ ಇಳಿಸುವ ಕಟ್ಟೆ) ನಿಂತು, ಪ್ರಮೋಷನ್ ಸಿಕ್ಕ ಮೇಲೆ ‘ಡ್ಯಾಶ್‌ಬೋರ್ಡ್’ (ಲೆಕ್ಕವೆಲ್ಲ ಒಂದೇ ಕಡೆ ತೋರಿಸುವ ಸ್ಕ್ರೀನ್) ಅಂದರೆ ಬೆವರುವ ಸೂಪರ್‌ವೈಸರ್‌ಗಳು ಇನ್ನೊಂದು ಕಡೆ. ಎರಡೂ ಕಡೆಯವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ.

ಲಾಜಿಸ್ಟಿಕ್ಸ್ ಮ್ಯಾನೇಜರ್ ದಿನವಿಡೀ ಮಾಡುವುದೇನು?

ಸರಕು ಎಲ್ಲಿದೆ, ಯಾವಾಗ ತಲುಪುತ್ತೆ, ಎಷ್ಟು ಖರ್ಚಾಯಿತು. ಈ ಮೂರಕ್ಕೆ ಉತ್ತರ ಕೊಡುವುದೇ ಕೆಲಸ. ಬೆಳಿಗ್ಗೆ ಎಂಟಕ್ಕೆ ಬರಬೇಕಾದ ಲಾರಿ ಹತ್ತಾದರೂ ಬಂದಿಲ್ಲ. ಹಮಾಲಿಗಳು ಸುಮ್ನೆ ಕೂತಿದ್ದಾರೆ. ಬಂದಾಗ ಎರಡು ಲಾರಿ ಒಟ್ಟಿಗೆ ಬರುತ್ತವೆ, ಡಾಕ್ ಒಂದೇ ಖಾಲಿ. ಅಷ್ಟರಲ್ಲಿ ಸೇಲ್ಸ್‌ನವರ ಫೋನು: ‘ಸರ್, ಹಾಸನದ ಆರ್ಡರ್ ಹೊರಟಿತಾ?’ ಈ ದಿನಚರಿ ನಾನು ಸೇರಿದಾಗಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ. ಉತ್ತರ ಹುಡುಕುವ ಜಾಗ ಮಾತ್ರ ಬದಲಾಗಿದೆ. ಆಗ ರಿಜಿಸ್ಟರ್ ತಿರುವಿ ಹಾಕುತ್ತಿದ್ದೆವು, ಈಗ ಸ್ಕ್ರೀನ್ ನೋಡುತ್ತೇವೆ.

ತಂತ್ರಜ್ಞಾನ ಬಂತು, ಎಲ್ಲಾ ಬದಲಾಯಿತು ಅಂತಾರೆ. ನಿಜವಾಗಿ ಏನು ಬದಲಾಯಿತು?

ರೋಬೋ, ಡ್ರೋನ್ ಎಲ್ಲ ಟಿವಿಯಲ್ಲಿ ಜಾಸ್ತಿ, ನಮ್ಮ ಗೋಡೌನ್‌ಗಳಲ್ಲಿ ಕಮ್ಮಿ. ನನ್ನ ಕಣ್ಣೆದುರು ಆದ ದೊಡ್ಡ ಬದಲಾವಣೆ ರಸ್ತೆ ಮೇಲೆ ಆಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು, ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್‌ಗಳು ಎದ್ದುಹೋದವು. ಮೊದಲು ರಾಜ್ಯದ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ರಾತ್ರಿ ಕಳೆಯುತ್ತಿದ್ದವು. ಆಮೇಲೆ ಇ-ವೇ ಬಿಲ್, ಅಂದರೆ ಸರಕು ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಮಾಡಿಸುವ ಸಾಗಣೆ ಪತ್ರ. ಇದರಲ್ಲಿ ನಮ್ಮ ರಾಜ್ಯದ ಪಾಲು ದೊಡ್ಡದು. ಜಿಎಸ್‌ಟಿಗೆ ಮುಂಚಿನ ವ್ಯಾಟ್ ಕಾಲದಲ್ಲೇ ಕರ್ನಾಟಕದಲ್ಲಿ ಇಂಥದ್ದೇ ‘ಇ-ಸುಗಮ್’ ನಡೆಯುತ್ತಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಇ-ವೇ ಬಿಲ್‌ನ ಪ್ರಯೋಗ ಶುರುವಾದದ್ದೂ ಇಲ್ಲೇ. 2018ರ ಏಪ್ರಿಲ್ 1ರಂದು ದೇಶದಲ್ಲಿ ಅಂತರರಾಜ್ಯ ಸಾಗಣೆಗೆ ಅದು ಕಡ್ಡಾಯವಾಯಿತು. ಅದೇ ದಿನ ರಾಜ್ಯದ ಒಳಗಿನ ಸಾಗಣೆಗೂ ಜಾರಿಗೆ ತಂದದ್ದು ಕರ್ನಾಟಕ ಮಾತ್ರ.

2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು. ಅದು ಟೋಲ್ ಕಟ್ಟುವುದಕ್ಕೆ ಬಂದ ಚೀಟಿ, ನಿಜ. ಆದರೆ ಲಾರಿ ಯಾವ ಟೋಲ್ ಯಾವ ಹೊತ್ತಿಗೆ ದಾಟಿತು ಅನ್ನುವುದು ಅದರಿಂದಲೇ ಗೊತ್ತಾಗುತ್ತೆ. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆ ಕೇಂದ್ರ ಸರ್ಕಾರ ‘ಯುಲಿಪ್’ ಎಂಬ ವೇದಿಕೆ ತಂದಿತು. ಇಂಥ ಮಾಹಿತಿಯನ್ನು ಕಂಪನಿಗಳು ತಮ್ಮ ಸಾಫ್ಟ್‌ವೇರ್‌ಗೆ ಅಲ್ಲಿಂದ ಎಳೆದುಕೊಳ್ಳಬಹುದು. ‘ಅಣ್ಣ, ತುಮಕೂರು ದಾಟಿದ್ದೀನಿ’ ಅಂತ ಚಿತ್ರದುರ್ಗದ ಡಾಬಾದಲ್ಲಿ ಕೂತು ಹೇಳುವ ಕಾಲ ಮುಗಿಯಿತು.

ಯಾವ ಡಿಗ್ರಿ ಓದಬೇಕು?

ಬಿಕಾಂ, ಬಿಬಿಎ, ಇಂಜಿನಿಯರಿಂಗ್, ಯಾವುದಾದರೂ ಆಗುತ್ತೆ. ಲಾಜಿಸ್ಟಿಕ್ಸ್ ಅಂತಲೇ ಪದವಿ ಬೇಕಿದ್ದರೆ ವಡೋದರದಲ್ಲಿ ಗತಿ ಶಕ್ತಿ ವಿಶ್ವವಿದ್ಯಾಲಯ ಇದೆ, ರೈಲ್ವೆ ಸಚಿವಾಲಯದ ಕೆಳಗೆ. ಬಿಬಿಎ, ಬಿಕಾಂನಲ್ಲೇ ಲಾಜಿಸ್ಟಿಕ್ಸ್ ವಿಷಯ ಇಟ್ಟಿರುವ ಕಾಲೇಜುಗಳೂ ಈಗ ಬೇಕಾದಷ್ಟಿವೆ. ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಕೋರ್ಸ್‌ನಲ್ಲಿ ಎಷ್ಟು ತಿಂಗಳು ಗೋಡೌನ್‌ನಲ್ಲಿ ನಿಲ್ಲಿಸುತ್ತೀರಿ? ‘ಇಂಡಸ್ಟ್ರಿಯಲ್ ವಿಸಿಟ್ ಇದೆ’ ಅಂದರೆ ಅದು ಬಸ್ಸಲ್ಲಿ ಹೋಗಿ ಫೋಟೋ ತೆಗೆಸಿಕೊಂಡು ಬರುವುದು ಅಂತ ತಿಳಿಯಿರಿ.

ಕೋಡಿಂಗ್ ಬರಲೇಬೇಕಾ?

ಬರಲೇಬೇಕು ಅಂತಿಲ್ಲ. ಎಕ್ಸೆಲ್ ಮಾತ್ರ ಬಾಯಿಪಾಠ ಇರಬೇಕು. ಉದ್ದದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್ ಟೇಬಲ್ ಬೇಕು. ಎರಡು ಪಟ್ಟಿ ಹೋಲಿಸಲು ವಿ-ಲುಕಪ್ ಅಥವಾ ಎಕ್ಸ್-ಲುಕಪ್ ಬೇಕು. ದಿನಾಂಕಗಳ ನಡುವಿನ ಅಂತರ ಲೆಕ್ಕ ಹಾಕಲು ಬರಬೇಕು. ಇಷ್ಟು ಬಂದರೆ ಅರ್ಧ ಕೆಲಸ ನಡೆಯುತ್ತೆ. ಆಮೇಲೆ ಎಸ್‌ಕ್ಯೂಎಲ್ (ಸಿಸ್ಟಮ್‌ನ ಡೇಟಾಬೇಸ್‌ನಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ) ಸ್ವಲ್ಪ ಕಲಿಯಿರಿ. ಎರಡು ತಿಂಗಳ ಸಂಜೆಗಳು ಸಾಕು. ‘ಕಳೆದ ತಿಂಗಳು 24 ಗಂಟೆಗಿಂತ ಜಾಸ್ತಿ ಹೊತ್ತು ಡಾಕ್‌ನಲ್ಲಿ ನಿಂತ ಲಾರಿಗಳು ಯಾವುವು?’ ಅನ್ನುವುದಕ್ಕೆ ಐಟಿಯವರ ಕೈ ಕಾಯದೆ ನೀವೇ ಉತ್ತರ ತೆಗೆಯಬಹುದು.

ಪೈಥಾನ್ ಎಂಬ ಕೋಡಿಂಗ್ ಭಾಷೆ ಗೊತ್ತಿದ್ದರೆ ಒಳ್ಳೆಯದೇ. ಆದರೆ ಪೈಥಾನ್ ಬಂದು, ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಮೇಲೆ ಎಷ್ಟು ಕಾರ್ಟನ್ ಕೂರುತ್ತೆ ಅಂತ ಗೊತ್ತಿಲ್ಲದವರನ್ನು ನಾನು ತುಂಬಾ ನೋಡಿದ್ದೇನೆ.

ಕಂಪ್ಯೂಟರ್‌ನಲ್ಲಿ ಸ್ಟಾಕ್ ಇದೆ ಅನ್ನುತ್ತೆ, ರ‍್ಯಾಕ್‌ನಲ್ಲಿ ಇಲ್ಲ. ಯಾವುದನ್ನು ನಂಬಬೇಕು?

ರ‍್ಯಾಕ್ ನಂಬಿ. ಆದರೆ ಕಂಪ್ಯೂಟರ್ ಯಾಕೆ ಸುಳ್ಳು ಹೇಳಿತು ಅಂತ ಹುಡುಕದೆ ಬಿಡಬೇಡಿ. ನನ್ನ ಮಟ್ಟಿಗೆ ಇಡೀ ವೃತ್ತಿಯ ಗಂಟು ಇರುವುದು ಇಲ್ಲೇ. ಹಾಗಾಗಿ ಒಂದು ಹಳೇ ಕಥೆ ಹೇಳುತ್ತೇನೆ. ಹೆಮ್ಮೆಯ ಕಥೆಯಲ್ಲ.

ನಾನಿದ್ದ ಒಂದು ಗೋಡೌನ್‌ನಲ್ಲಿ ಸೋಪಿನ ಸ್ಟಾಕ್ ಪ್ರತಿ ವಾರ ಕಡಿಮೆ ಬೀಳತೊಡಗಿತು. ಸಿಸ್ಟಮ್‌ನಲ್ಲಿ ಇದೆ, ರ‍್ಯಾಕ್‌ನಲ್ಲಿಲ್ಲ. ಎಲ್ಲರಿಗೂ ಮೊದಲು ಬಂದ ಯೋಚನೆ ಕಳ್ಳತನ. ಸಿಸಿಟಿವಿ ನೋಡಿದೆವು. ಗೇಟಿನಲ್ಲಿ ಹಮಾಲಿಗಳ ಊಟದ ಡಬ್ಬಿ ತೆಗೆಸಿ ನೋಡಿದೆವು. ರಾತ್ರಿ ಪಾಳಿಯ ಇಬ್ಬರನ್ನು ಬೇರೆ ಕಡೆ ಹಾಕಿದೆವು. ಕೊರತೆ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಲಾರಿ ಇಳಿಸುತ್ತಿದ್ದ ಹಿರಿಯ ಹಮಾಲಿಯೊಬ್ಬರು ಬೀಡಿ ಆರಿಸಿ ಹೇಳಿದರು: ‘ಸಾ, ಡಬ್ಬ ಹಗುರ ಆಗೈತೆ. ಆವತ್ತೇ ಹೇಳಿದ್ನಲ್ಲ.’ ಹೌದು, ಹದಿನೈದು ದಿನದ ಹಿಂದೆಯೇ ಹೇಳಿದ್ದರು. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಕಾರ್ಟನ್ ಒಡೆದು ಎಣಿಸಿದೆ. ಒಳಗೆ 48 ಸೋಪು ಇರಬೇಕಿತ್ತು, 40 ಇದ್ದವು. ತಯಾರಕರು ಪ್ಯಾಕಿಂಗ್ ಬದಲಿಸಿದ್ದರು. ಬಿಲ್‌ನಲ್ಲಿ ಸರಿಯಾಗೇ ಬರೆದಿದ್ದರು. ನಮ್ಮ ಸಿಸ್ಟಮ್‌ನ ಐಟಂ ಮಾಸ್ಟರ್‌ನಲ್ಲಿ (ಪ್ರತಿ ಸರಕಿನ ವಿವರ ಇರುವ ಪಟ್ಟಿ) ಮಾತ್ರ ಇನ್ನೂ ‘ಒಂದು ಕಾರ್ಟನ್‌ಗೆ 48’ ಅಂತಲೇ ಇತ್ತು. ನಮ್ಮ ಹುಡುಗ 100 ಕಾರ್ಟನ್ ಎಣಿಸಿ ಎಂಟ್ರಿ ಹಾಕಿದರೆ ಸಿಸ್ಟಮ್ 4,800 ಸೋಪು ಅನ್ನುತ್ತಿತ್ತು, ಇದ್ದದ್ದು 4,000. ಪ್ರತಿ ನೂರು ಕಾರ್ಟನ್‌ಗೆ ಎಂಟು ನೂರು ಸೋಪು ಗಾಳಿಯಲ್ಲಿ ಹುಟ್ಟುತ್ತಿದ್ದವು. ಆಮೇಲೆ ನಾವೇ ಅವುಗಳನ್ನು ಕಳ್ಳರ ಲೆಕ್ಕಕ್ಕೆ ಬರೆಯುತ್ತಿದ್ದೆವು.

ಡಬ್ಬಿ ತೆಗೆಸಿ ನೋಡಿದ್ದಕ್ಕೆ ಆಮೇಲೆ ಹೋಗಿ ಹಮಾಲಿಗಳ ಕ್ಷಮೆ ಕೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕಲಿಯಬೇಕಾದದ್ದು ಇಷ್ಟು. ಮಾಸ್ಟರ್ ಡೇಟಾ ಅಂದರೆ ಐಟಂನ ಅಳತೆ, ತೂಕ, ಪ್ಯಾಕ್ ಸೈಜ್, ಬಾರ್‌ಕೋಡ್. ಇದನ್ನು ಯಾರು ಬದಲಿಸಬಹುದು, ಬದಲಾದರೆ ಯಾರಿಗೆ ತಿಳಿಸಬೇಕು ಅನ್ನುವುದು ಬರವಣಿಗೆಯಲ್ಲಿ ಇರಲಿ. ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಣಿಸುವುದಕ್ಕಿಂತ ದಿನಾ ನಾಲ್ಕು ರ‍್ಯಾಕ್ ಎಣಿಸಿ. ಅದಕ್ಕೆ ಸೈಕಲ್ ಕೌಂಟ್ ಅಂತಾರೆ. ಬೇಗ ಓಡುವ, ಬೆಲೆ ಜಾಸ್ತಿ ಇರುವ ಸರಕನ್ನು ವಾರವಾರ ಎಣಿಸಿ. ಮೂಲೆಯಲ್ಲಿ ಧೂಳು ಹಿಡಿದದ್ದನ್ನು ಮೂರು ತಿಂಗಳಿಗೊಮ್ಮೆ ನೋಡಿದರೆ ಸಾಕು. ಹೊಸ ಲೋಡ್ ಬಂದಾಗ ಒಂದು ಕಾರ್ಟನ್ ಒಡೆದು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಇ-ವೇ ಬಿಲ್ ಅಕೌಂಟ್ಸ್‌ನವರ ಕೆಲಸ ಅಲ್ವಾ? ನಾನ್ಯಾಕೆ ಕಲಿಯಬೇಕು?

ಬಿಲ್ ತಯಾರಿಸುವುದು ಅವರ ಕೆಲಸ ಇರಬಹುದು. ರಾತ್ರಿ ಎರಡಕ್ಕೆ ಡ್ರೈವರ್ ಫೋನ್ ಮಾಡುವುದು ನಿಮಗೆ.

ನಾವು ಹುಬ್ಬಳ್ಳಿಗೆ ಕಳಿಸಿದ ಲಾರಿಯೊಂದು ಹಿರಿಯೂರಿನ ಹತ್ತಿರ ಕೆಟ್ಟು ನಿಂತಿತು. ಟ್ರಾನ್ಸ್‌ಪೋರ್ಟರ್ ಒಳ್ಳೆಯ ಮನಸ್ಸಿನಿಂದಲೇ ಬೇರೆ ಲಾರಿ ತರಿಸಿ ಸರಕು ಬದಲಾಯಿಸಿದ. ಇ-ವೇ ಬಿಲ್‌ನ ‘ಪಾರ್ಟ್ ಬಿ’ಯಲ್ಲಿ ಹೊಸ ಗಾಡಿ ನಂಬರ್ ಹಾಕುವುದನ್ನು ಮರೆತ. ಚಿತ್ರದುರ್ಗ ದಾಟಿದ ಮೇಲೆ ತಪಾಸಣೆಯಲ್ಲಿ ಗಾಡಿ ಹಿಡಿದರು. ಸರಕಿನ ಬೆಲೆ 6 ಲಕ್ಷ, 18% ತೆರಿಗೆ ಅಂದರೆ 1,08,000. 2022ರಿಂದ ಇಂಥ ಸಂದರ್ಭದಲ್ಲಿ ಸರಕಿನ ಮಾಲೀಕರು ಮುಂದೆ ಬಂದರೂ ದಂಡ ತೆರಿಗೆಯ ಎರಡು ಪಟ್ಟು. ಎಷ್ಟಾಯಿತು ನೀವೇ ಗುಣಿಸಿ. ಹೊಸ ನಂಬರ್ ಹಾಕುವುದು ಮೊಬೈಲಿನಲ್ಲಿ ಐದು ನಿಮಿಷದ ಕೆಲಸ.

ನಿಮಗೆ ಗೊತ್ತಿರಲೇಬೇಕಾದ ಅಂಶಗಳು: ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಮಾಮೂಲಿ ಸರಕಿಗೆ ಪ್ರತಿ 200 ಕಿಲೋಮೀಟರ್‌ಗೆ, ಅಥವಾ ಉಳಿದ ಚೂರಿಗೂ, ಒಂದು ದಿನದ ಅವಧಿ. ನೆಲಮಂಗಲದಿಂದ ಹುಬ್ಬಳ್ಳಿ 400ರ ಒಳಗೆ ಬಂದರೆ ಎರಡು ದಿನ, 410 ಆದರೆ ಮೂರು ದಿನ. ಹಾಗಾಗಿ ದೂರ ಎಷ್ಟು ಅಂತ ಸುಮ್ನೆ ಅಂದಾಜಿಗೆ ಬರೆಯಬೇಡಿ. ಅವಧಿ ಮುಗಿಯುವ 8 ಗಂಟೆ ಮುಂಚೆಯಿಂದ, ಮುಗಿದ 8 ಗಂಟೆ ಆಚೆವರೆಗೆ ವಿಸ್ತರಿಸಬಹುದು. ಗಾಡಿ ನಂಬರಿನಲ್ಲಿ ಒಂದೆರಡು ಅಂಕಿ ತಪ್ಪಾಗಿದ್ದರೆ ಅದಕ್ಕೆ ಪೂರ್ತಿ ದಂಡ ಹಾಕಬೇಕಿಲ್ಲ, ಒಟ್ಟು 1,000 ರೂಪಾಯಿ ಸಾಕು ಅಂತ 2018ರ ಸುತ್ತೋಲೆಯೇ ಇದೆ. ಇದು ಗೊತ್ತಿಲ್ಲದ ಮ್ಯಾನೇಜರ್ ರಸ್ತೆಯಲ್ಲಿ ಕೈ ಮುಗಿಯುತ್ತಾನೆ. ಗೊತ್ತಿರುವವನು ಸುತ್ತೋಲೆ ತೋರಿಸುತ್ತಾನೆ.

ಎಐ ಬಂದರೆ ಪ್ಲಾನಿಂಗ್ ಕೆಲಸವೆಲ್ಲ ಹೋಗುತ್ತಾ?

ಒಂದಷ್ಟು ಹೋಗುತ್ತೆ. ಸುಳ್ಳು ಹೇಳುವುದಿಲ್ಲ. ಹಿಂದಿನ ಮಾರಾಟ ನೋಡಿ ಮುಂದಿನ ತಿಂಗಳಿಗೆ ಎಷ್ಟು ಬೇಕು ಅಂತ ಹೇಳುವ ಕೆಲಸವನ್ನು ಸಾಫ್ಟ್‌ವೇರ್ ನಮಗಿಂತ ಬೇಗ ಮಾಡುತ್ತೆ. ಹತ್ತು ಸಾವಿರ ಐಟಂಗಳಿಗೆ ಮನುಷ್ಯರು ಕೂತು ಲೆಕ್ಕ ಹಾಕುವುದರಲ್ಲಿ ಅರ್ಥವಿಲ್ಲ.

ಆದರೆ ಪಂಚಾಂಗ ನೋಡಿ. ವಿಜಯದಶಮಿ 2023ರಲ್ಲಿ ಅಕ್ಟೋಬರ್ 24ಕ್ಕೆ, 2024ರಲ್ಲಿ ಅಕ್ಟೋಬರ್ 12ಕ್ಕೆ, 2025ರಲ್ಲಿ ಅಕ್ಟೋಬರ್ 2ಕ್ಕೆ ಬಂತು. ಎರಡು ವರ್ಷದಲ್ಲಿ ಹಬ್ಬ 22 ದಿನ ಹಿಂದಕ್ಕೆ ಸರಿಯಿತು. 2023ರಲ್ಲಿ ಅಧಿಕ ಶ್ರಾವಣ ಬಂತು. ಆಷಾಢ ಮುಗಿದರೂ ಮದುವೆ, ಗೃಹಪ್ರವೇಶ ಶುರುವಾಗಲಿಲ್ಲ. ‘ಹೋದ ವರ್ಷ ಆಗಸ್ಟ್‌ನಲ್ಲಿ ಇಷ್ಟು ಹೋಗಿತ್ತು’ ಅಂತ ಸಾಫ್ಟ್‌ವೇರ್ ಹೇಳಿದ್ದನ್ನು ಹಾಗೇ ನಂಬಿದವರ ಗೋಡೌನ್‌ನಲ್ಲಿ ಮಿಕ್ಸಿ, ಕುಕ್ಕರ್ ಚಾವಣಿ ಮುಟ್ಟಿದವು. ಒಳ್ಳೆಯ ಸಾಫ್ಟ್‌ವೇರ್‌ಗೆ ಹಬ್ಬದ ದಿನಾಂಕ ಕಲಿಸಬಹುದು. ಕಲಿಸಬೇಕು ಅಂತ ಹೊಳೆಯಬೇಕಾದದ್ದು ಮ್ಯಾನೇಜರ್‌ಗೆ. ಅಜ್ಜಿಯ ಒಂಟಿಕೊಪ್ಪಲ್ ಪಂಚಾಂಗ ಒಂದು ಟೇಬಲ್ ಮೇಲೆ ಇರಲಿ ಅಂತ ನಾನು ತಮಾಷೆಗೆ ಹೇಳುವುದಲ್ಲ.

ಇನ್ನೊಂದು, ಸರಾಸರಿಯ ಮೋಸ. ಮಂಗಳೂರಿನಿಂದ ಬೆಂಗಳೂರಿಗೆ ಹತ್ತು ಲಾರಿ ಬಂದವು ಅಂದುಕೊಳ್ಳಿ. ಒಂಬತ್ತು ಲಾರಿ ಒಂದೊಂದು ದಿನದಲ್ಲಿ ಬಂದವು. ಹತ್ತನೆಯದು ಮಳೆಗಾಲದಲ್ಲಿ ಹೊರಟಿತು. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್, ಸುತ್ತಿ ಬಳಸಿ ಬರಲು 11 ದಿನ ಹಿಡಿಯಿತು. ಸರಾಸರಿ ಎಷ್ಟು? ಎರಡು ದಿನ. ಡ್ಯಾಶ್‌ಬೋರ್ಡ್ ಹಸಿರು ಬಣ್ಣದಲ್ಲಿ ‘2 ದಿನ’ ಅಂತ ತೋರಿಸುತ್ತೆ. ಹತ್ತರಲ್ಲಿ ಒಂದು ಲಾರಿಯಾದರೂ ಸರಿಯಾಗಿ ಎರಡು ದಿನಕ್ಕೆ ಬಂದಿದೆಯಾ? ಇಲ್ಲ. ಈ ಸಂಖ್ಯೆ ಇಟ್ಟುಕೊಂಡು ಸ್ಟಾಕ್ ಲೆಕ್ಕ ಹಾಕಿದರೆ ಒಂಬತ್ತು ಸಲ ಜಾಸ್ತಿ ತುಂಬಿಸುತ್ತೀರಿ, ಹತ್ತನೆಯ ಸಲ ಅಂಗಡಿ ಖಾಲಿ. ಸರಾಸರಿ ಜೊತೆಗೆ ಏರಿಳಿತ ಎಷ್ಟಿದೆ ಅಂತ ಕೇಳುವುದನ್ನು ಕಲಿಯಿರಿ. ಸಂಖ್ಯಾಶಾಸ್ತ್ರದಲ್ಲಿ ನಿಮಗೆ ಮೊದಲು ಬೇಕಾಗುವುದು ಇದೇ.

ಚಾಟ್ ಮಾಡುವ ಎಐಗಳನ್ನು ನಾನೂ ಬಳಸುತ್ತೇನೆ. ಎಕ್ಸೆಲ್ ಸೂತ್ರ ಬರೆಸಲು, ಇಂಗ್ಲಿಷ್ ಮೇಲ್ ತಿದ್ದಿಸಲು ಚೆನ್ನಾಗಿವೆ. ಗ್ರಾಹಕರ ಪಟ್ಟಿ, ಫೋನ್ ನಂಬರ್, ಬಾಡಿಗೆ ದರಗಳನ್ನು ಅದಕ್ಕೆ ಹಾಕಬೇಡಿ.

ರೋಬೋಗಳು?

ಅಮೆಜಾನ್ 2012ರಲ್ಲಿ ಕೀವಾ ಎಂಬ ರೋಬೋ ಕಂಪನಿಯನ್ನು 77.5 ಕೋಟಿ ಡಾಲರ್‌ಗೆ ಕೊಂಡಿತು. ರ‍್ಯಾಕ್ ಹತ್ತಿರ ಮನುಷ್ಯ ಹೋಗುವ ಬದಲು ರ‍್ಯಾಕನ್ನೇ ಮನುಷ್ಯನ ಹತ್ತಿರ ತರುವ ಯಂತ್ರ ಅದು. ಫ್ಲಿಪ್‌ಕಾರ್ಟ್ ಕೂಡ 2019ರಲ್ಲಿ ಬೆಂಗಳೂರಿನ ಕೇಂದ್ರವೊಂದರಲ್ಲಿ ಪಾರ್ಸೆಲ್ ವಿಂಗಡಿಸಲು ನೂರಕ್ಕೂ ಹೆಚ್ಚು ರೋಬೋ ಇಳಿಸಿತು. ಹೊಸಕೋಟೆ, ನೆಲಮಂಗಲದ ಸಣ್ಣ ಗೋಡೌನ್‌ಗಳಲ್ಲಿ ಈಗಲೂ ಕೈಗಾಡಿ, ಹ್ಯಾಂಡ್ ಪ್ಯಾಲೆಟ್ ಟ್ರಕ್, ಒಂದು ಸ್ಕ್ಯಾನರ್ ಗನ್. ಮೊದಲು ಬಾರ್‌ಕೋಡ್ ಶಿಸ್ತು ಬರಲಿ. ಸ್ಕ್ಯಾನ್ ಮಾಡದೆ ಸರಕು ಎತ್ತುವ ಕಡೆ ರೋಬೋ ಬಂದರೂ ತಪ್ಪು ಸರಕನ್ನೇ ಬೇಗ ತಂದುಕೊಡುತ್ತೆ.

ರೂಟ್ ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿದ್ದೇವೆ. ಡ್ರೈವರ್‌ಗಳು ಕೇಳುತ್ತಿಲ್ಲ. ಏನು ಮಾಡಲಿ?

ಮೊದಲು ಒಂದು ದಿನ ಲಾರಿಯಲ್ಲಿ ಕೂತು ಹೋಗಿ. ತಮಾಷೆಯಲ್ಲ, ಎಲ್ಲ ಹೊಸಬರನ್ನೂ ನಾನು ಕಳಿಸುತ್ತೇನೆ.

ಒಬ್ಬ ಹುಡುಗಿ ಹೀಗೆ ಹೋಗಿ ಬಂದಳು. ಸಾಫ್ಟ್‌ವೇರ್ ದಿನಕ್ಕೆ 22 ಅಂಗಡಿ ಅಂತ ಕೊಟ್ಟಿತ್ತು. ಡ್ರೈವರ್ 14 ಮುಗಿಸಿ ವಾಪಸ್ ಬರುತ್ತಿದ್ದ. ಸೋಮಾರಿ ಅಂತ ಬರೆದಿಟ್ಟಿದ್ದರು. ಅವಳು ಕೈಯಲ್ಲಿ ಗಡಿಯಾರ ಹಿಡಿದು ಬರೆದುಕೊಂಡಳು. ಪ್ರತಿ ಅಂಗಡಿಗೆ ಸರಕು ಇಳಿಸಲು ಸಾಫ್ಟ್‌ವೇರ್‌ನಲ್ಲಿ ಹಾಕಿದ್ದು 10 ನಿಮಿಷ. ಬಡಾವಣೆ ಅಂಗಡಿಗಳಲ್ಲಿ ಅದು ಸರಿ. ಚಿಕ್ಕಪೇಟೆ, ಅವೆನ್ಯೂ ರಸ್ತೆಯಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಅಂಗಡಿಯವರು ಗಿರಾಕಿ ಮುಗಿಸಿ, ಎಣಿಸಿ, ಸಹಿ ಹಾಕಿ ಕಳಿಸುವಾಗ 35 ನಿಮಿಷ. ‘ಊಟ ಎಲ್ಲಿ ಮಾಡ್ತೀರಣ್ಣ?’ ಅಂತ ಕೇಳಿದ್ದಕ್ಕೆ ಡ್ರೈವರ್ ಸ್ಟೀರಿಂಗ್ ತೋರಿಸಿದನಂತೆ. ಬಂದವಳೇ ಪೇಟೆ ಅಂಗಡಿಗಳ ಸಮಯ ಬದಲಿಸಿದಳು. 22 ಇದ್ದದ್ದು 15 ಆಯಿತು. ಡ್ರೈವರ್‌ಗಳು ಸಾಫ್ಟ್‌ವೇರ್ ಹೇಳಿದ ದಾರಿಯಲ್ಲೇ ಹೋಗತೊಡಗಿದರು.

ಇನ್ನೂ ಒಂದು. ಮಾಮೂಲಿ ಮ್ಯಾಪ್ ಕಾರಿನ ದಾರಿ ತೋರಿಸುತ್ತೆ. ರೈಲ್ವೆ ಅಂಡರ್‌ಪಾಸ್ ಎಷ್ಟು ಎತ್ತರ, ನಗರದೊಳಗೆ ಭಾರಿ ವಾಹನಕ್ಕೆ ಯಾವ ಹೊತ್ತಲ್ಲಿ ಪ್ರವೇಶವಿಲ್ಲ ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ. ಈ ಪಟ್ಟಿ ನಿಮ್ಮ ಡ್ರೈವರ್‌ಗಳ ತಲೆಯಲ್ಲಿದೆ. ಕೂರಿಸಿ, ಚಹಾ ಕೊಟ್ಟು, ಬರೆದುಕೊಳ್ಳಿ.

2025ರ ಅಕ್ಟೋಬರ್‌ನಿಂದ ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ದೊಡ್ಡ ಟ್ರಕ್‌ಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ. ನನ್ನ ಪ್ರಕಾರ ಈ ದಶಕದಲ್ಲಿ ಲಾರಿಗೆ ಬಂದ ಒಳ್ಳೆಯ ತಂತ್ರಜ್ಞಾನ ಅದೇ.

ಸಾಗಣೆ ವೆಚ್ಚ ಕಡಿಮೆ ಮಾಡಿ ಅಂತ ಮೇಲಿನವರ ಒತ್ತಡ. ಎಲ್ಲಿ ಹುಡುಕಬೇಕು?

ಟ್ರಾನ್ಸ್‌ಪೋರ್ಟರ್ ಬಾಡಿಗೆ ಹಿಂಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಕೊನೆಗೆ ಅದರಿಂದ ಕೆಟ್ಟ ಗಾಡಿ, ಹರಿದ ಟಾರ್ಪಾಲು ಸಿಗುತ್ತೆ. ಮೊದಲು ನಿಮ್ಮ ಡಬ್ಬ ನೋಡಿ.

ಕೊರಿಯರ್‌ನವರು, ವಿಮಾನದ ಸರಕಿನವರು ತೂಕದ ಜೊತೆ ಜಾಗಕ್ಕೂ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್. 60×40×40 ಡಬ್ಬದಲ್ಲಿ 6 ಕಿಲೋ ದಿಂಬು ಕಳಿಸಿದರೆ ಬಿಲ್ ಬರುವುದು 19.2 ಕಿಲೋಗೆ. ಡಬ್ಬದ ಎತ್ತರ 40ರಿಂದ 30ಕ್ಕೆ ಇಳಿಸಿ, 14.4 ಆಗುತ್ತೆ. ಯಾರ ಜೊತೆಗೂ ಜಗಳವಿಲ್ಲದೆ ಕಾಲು ಭಾಗ ಉಳಿತಾಯ. ಇದಕ್ಕೆ ಬೇಕಾದ ತಂತ್ರಜ್ಞಾನ ಒಂದು ಅಳತೆ ಟೇಪು. ವಾಪಸ್ ಬರುವಾಗ ಖಾಲಿ ಓಡುವ ಲಾರಿ, ಡಾಕ್‌ನಲ್ಲಿ ನಿಂತು ಹಾಲ್ಟಿಂಗ್ (ಕಾಯಿಸಿದ್ದಕ್ಕೆ ಕೊಡುವ ಬಾಡಿಗೆ) ಏರುವ ಲಾರಿ, ಇವೆರಡು ಆಮೇಲೆ ನೋಡಬೇಕಾದ್ದು.

ಸೈಬರ್ ಭದ್ರತೆ ಐಟಿಯವರಿಗೆ ಬಿಟ್ಟದ್ದಲ್ಲವೇ?

2017ರ ಜೂನ್ 27ರಂದು ‘ನಾಟ್‌ಪೆಟ್ಯಾ’ ಎಂಬ ದಾಳಿ ಹಡಗು ಕಂಪನಿ ಮೇರ್ಸ್ಕ್‌ನ ಕಂಪ್ಯೂಟರ್‌ಗಳನ್ನು ಮಲಗಿಸಿತು. ಉಕ್ರೇನ್‌ನಲ್ಲಿ ಬಳಕೆಯಲ್ಲಿದ್ದ ಲೆಕ್ಕಪತ್ರದ ಸಾಫ್ಟ್‌ವೇರ್ ಒಂದರ ಅಪ್‌ಡೇಟ್ ಮೂಲಕ ಅದು ಒಳಗೆ ನುಗ್ಗಿತ್ತು. ಹಡಗುಗಳು ತೇಲುತ್ತಿದ್ದವು, ಆದರೆ ಯಾವ ಕಂಟೇನರ್‌ನಲ್ಲಿ ಏನಿದೆ ಅಂತ ಹೇಳುವವರಿಲ್ಲ. ಮುಂಬೈ ಪಕ್ಕದ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್ ಕೂಡ ನಿಂತಿತು. ಸುಮಾರು ಹತ್ತು ದಿನದಲ್ಲಿ 45,000 ಕಂಪ್ಯೂಟರ್, 4,000 ಸರ್ವರ್‌ಗಳನ್ನು ಹೊಸದಾಗಿ ಕಟ್ಟಬೇಕಾಯಿತು. ನಷ್ಟ 25ರಿಂದ 30 ಕೋಟಿ ಡಾಲರ್. ಅಷ್ಟು ದಿನ ಜನ ವಾಟ್ಸಾಪ್, ಕಾಗದ, ಪೆನ್ನು ಹಿಡಿದು ಕೆಲಸ ನಡೆಸಿದರು.

ಐಟಿಯವರು ಸಿಸ್ಟಮ್ ಎಬ್ಬಿಸುತ್ತಾರೆ. ಅಲ್ಲಿವರೆಗೆ ಗೋಡೌನ್ ನಡೆಸುವುದು ನಿಮ್ಮ ತಲೆನೋವು. ದಿನಕ್ಕೆರಡು ಸಲ ಸ್ಟಾಕ್ ಪಟ್ಟಿ ಬೇರೆ ಕಡೆ ತೆಗೆದಿಡಿ. ಖಾಲಿ ಚಲನ್ ಪುಸ್ತಕ ಒಂದು ಬೀರುವಿನಲ್ಲಿರಲಿ. ಆರು ತಿಂಗಳಿಗೊಮ್ಮೆ ಎರಡು ಗಂಟೆ ಸಿಸ್ಟಮ್ ಇಲ್ಲದೆ ಕೆಲಸ ಮಾಡಿ ನೋಡಿ. ಮೊದಲ ಸಲ ಮಾಡಿದಾಗ ನಮ್ಮಲ್ಲಿ ಕಾರ್ಬನ್ ಪೇಪರ್ ಹೇಗೆ ಇಡುವುದು ಅಂತ ಮೂವರಿಗೆ ಗೊತ್ತಿರಲಿಲ್ಲ.

ನನಗೆ 46 ವರ್ಷ. ಈಗ ಇದೆಲ್ಲ ಕಲಿಯೋಕಾಗುತ್ತಾ?

ಆಗುತ್ತೆ. ನಿಮಗೆ ಮೊಬೈಲಿನಲ್ಲಿ ಯುಪಿಐ ಬರುತ್ತೆ ಅಲ್ವಾ? ಅದನ್ನು ಯಾರೂ ತರಗತಿಯಲ್ಲಿ ಕಲಿಸಲಿಲ್ಲ. ಕಲಿಯಲು ಅಡ್ಡ ಬರುವುದು ವಯಸ್ಸಲ್ಲ, ಹುಡುಗರ ಮುಂದೆ ತಪ್ಪು ಮಾಡುವ ನಾಚಿಕೆ. ಅದಕ್ಕೆ ನಾನು ಜೋಡಿ ಮಾಡುತ್ತೇನೆ. ಒಬ್ಬ ಹಳಬ, ಒಬ್ಬ ಹೊಸಬ. ಹೊಸಬ ಪಿವಟ್ ಟೇಬಲ್ ಹೇಳಿಕೊಡಬೇಕು. ಹಳಬ ಲಾರಿ ನೋಡಿದ ಕೂಡಲೇ ಓವರ್‌ಲೋಡ್ ಹೇಗೆ ಗುರುತು ಹಿಡಿಯುವುದು ಅಂತ ಹೇಳಿಕೊಡಬೇಕು. ಇಬ್ಬರೂ ಒಂದೇ ವರದಿಗೆ ಸಹಿ ಹಾಕಬೇಕು. ಮೊದಲ ವಾರ ಮುಖ ಊದಿಸಿಕೊಂಡಿರುತ್ತಾರೆ. ಮೂರನೇ ವಾರ ಊಟಕ್ಕೆ ಒಟ್ಟಿಗೆ ಹೋಗುತ್ತಾರೆ.

ಇಂಗ್ಲಿಷ್ ಬೇಕೇಬೇಕಾ?

ಓದಿ ಅರ್ಥ ಮಾಡಿಕೊಳ್ಳುವಷ್ಟು, ಮೇಲ್ ಬರೆಯುವಷ್ಟು ಬೇಕು. ಗೋಡೌನ್ ಒಳಗೆ ಕನ್ನಡದ ಜೊತೆ ಹಿಂದಿ ಬಂದರೆ ಕೆಲಸ ಬೇಗ ಆಗುತ್ತೆ, ಲೋಡಿಂಗ್ ಹುಡುಗರಲ್ಲಿ ಬಿಹಾರ, ಒಡಿಶಾದವರು ತುಂಬಾ ಇದ್ದಾರೆ. ಸ್ಕ್ಯಾನರ್‌ನ ಸೂಚನೆ ಇಂಗ್ಲಿಷ್‌ನಲ್ಲಿ ಮಾತ್ರ ಇದ್ದರೆ ಪಕ್ಕದಲ್ಲಿ ಚಿತ್ರ ಅಂಟಿಸಿ. ತಪ್ಪುಗಳು ಕಮ್ಮಿಯಾಗುತ್ತವೆ.

ಹೆಣ್ಣುಮಕ್ಕಳಿಗೆ ಈ ಕೆಲಸ ಆಗುತ್ತಾ?

ಆಗುತ್ತಾ ಅಂತ ಕೇಳುವವರು ಯಾವಾಗಲೂ ಅಪ್ಪಂದಿರು. ಕೆಲಸದಲ್ಲಿ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಗೋಡೌನ್‌ನಲ್ಲಿ ಶೌಚಾಲಯ ಸರಿಯಾಗಿದೆಯಾ, ರಾತ್ರಿ ಪಾಳಿ ಮುಗಿದ ಮೇಲೆ ಹೈವೇಯಿಂದ ಮನೆಗೆ ಗಾಡಿ ಇದೆಯಾ ಅನ್ನುವಲ್ಲಿ. ಸೇರುವ ಮುಂಚೆ ಹೋಗಿ ಅವೆರಡನ್ನು ಕಣ್ಣಾರೆ ನೋಡಿ.

ಯಾವ ಸರ್ಟಿಫಿಕೇಟ್‌ಗೆ ದುಡ್ಡು ಹಾಕಬಹುದು?

ಮೊದಲು ದುಡ್ಡಿಲ್ಲದೆ ಸಿಗುವುದನ್ನು ಮುಗಿಸಿ. ಎನ್‌ಪಿಟೆಲ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಉಚಿತ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕಾದರೆ ಮಾತ್ರ ಶುಲ್ಕ. ಅಮೆರಿಕದ ಎಂಐಟಿಯವರು ಆನ್‌ಲೈನ್‌ನಲ್ಲಿ ನಡೆಸುವ ಸಪ್ಲೈ ಚೈನ್ ಮೈಕ್ರೋಮಾಸ್ಟರ್ಸ್ ಇದೆ. ಐದು ಕೋರ್ಸ್, ಕೊನೆಗೊಂದು ದೊಡ್ಡ ಪರೀಕ್ಷೆ. ಲೆಕ್ಕ ಗಟ್ಟಿ ಇದ್ದವರಿಗೆ ಒಳ್ಳೆಯದು. ದೊಡ್ಡ ಕಂಪನಿಗಳಲ್ಲಿ ಸಿಪಿಐಎಂ (ಯೋಜನೆ, ದಾಸ್ತಾನು ನಿರ್ವಹಣೆಯದ್ದು), ಸಿಎಸ್‌ಸಿಪಿ (ಸಪ್ಲೈ ಚೈನ್‌ನದ್ದು) ಎಂಬ ಪ್ರಮಾಣಪತ್ರಗಳಿಗೆ ಬೆಲೆ ಇದೆ, ಆದರೆ ಅವು ದುಬಾರಿ. ಎರಡು ಮೂರು ವರ್ಷ ಕೆಲಸ ಮಾಡಿ, ಆಗಲೂ ಬೇಕು ಅನಿಸಿದರೆ ಕಟ್ಟಿ. ಆಗ ಕಂಪನಿಯೇ ಕಟ್ಟಿದರೂ ಕಟ್ಟೀತು. ‘ಹದಿನೈದು ದಿನದಲ್ಲಿ ಲಾಜಿಸ್ಟಿಕ್ಸ್ ತಜ್ಞರಾಗಿ, ಕೆಲಸ ಗ್ಯಾರಂಟಿ’ ಅನ್ನುವವರಿಂದ ದೂರ ಇರಿ.

ಇಂಟರ್‌ವ್ಯೂನಲ್ಲಿ ನೀವು ಏನು ಕೇಳುತ್ತೀರಿ?

ಒಂದು ಹಾಳೆ ಕೊಡುತ್ತೇನೆ. ಮೂವತ್ತು ಸಾಲು, ಒಂದು ದಿನದ ಲೋಡಿಂಗ್ ವಿವರ. ಐಟಂ, ಕಾರ್ಟನ್ ಸಂಖ್ಯೆ, ತೂಕ, ಗಾಡಿ ನಂಬರ್, ಹೊರಟ ಹೊತ್ತು. ಅದರಲ್ಲೊಂದು ಸಾಲಿನಲ್ಲಿ 30 ಕಾರ್ಟನ್ ಎಣ್ಣೆಗೆ ತೂಕ 36 ಕಿಲೋ ಅಂತಿದೆ. ಇನ್ನೊಂದು ಸಾಲಿನಲ್ಲಿ ಒಂದೇ ಗಾಡಿ ಹತ್ತು ನಿಮಿಷದ ಅಂತರದಲ್ಲಿ ಎರಡು ಸಲ ಹೊರಟಿದೆ. ‘ಏನಾದರೂ ಕಾಣಿಸ್ತಾ?’ ಅಂತ ಕೇಳಿ ಸುಮ್ಮನಾಗುತ್ತೇನೆ. ಕೆಲವರು ತಕ್ಷಣ ಲ್ಯಾಪ್‌ಟಾಪ್ ತೆಗೆದು ಚಾರ್ಟ್ ಮಾಡುತ್ತಾರೆ. ಬಣ್ಣ ಚೆನ್ನಾಗಿರುತ್ತೆ. ಎಣ್ಣೆ ಅಷ್ಟು ಹಗುರ ಹೇಗಿರುತ್ತೆ ಅಂತ ಕೇಳುವವರು ಹತ್ತರಲ್ಲಿ ಇಬ್ಬರು. ಅವರನ್ನು ತೆಗೆದುಕೊಳ್ಳುತ್ತೇನೆ, ಎಕ್ಸೆಲ್ ಬರದಿದ್ದರೂ.

ಹಬ್ಬದ ಸೀಸನ್‌ನಲ್ಲೇ ಆಯುಧಪೂಜೆ ಬರುತ್ತೆ. ಆ ದಿನ ಹೇಗೆ ನಡೆಸುತ್ತೀರಿ?

ಆನ್‌ಲೈನ್ ಮಾರಾಟದ ದೊಡ್ಡ ಸೇಲ್‌ಗಳು ಇದೇ ದಿನಗಳಿಗೆ ಬೀಳುವುದರಿಂದ ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ. ಪೂಜೆ ಆಗುವವರೆಗೆ ಡ್ರೈವರ್ ಗಾಡಿ ತೆಗೆಯುವುದಿಲ್ಲ. ತೆಗೆಯಿರಿ ಅಂತ ಕೇಳುವುದೂ ತಪ್ಪು. ಹಿಂದಿನ ದಿನವೇ ಜಾಸ್ತಿ ಗಾಡಿ ಹೊರಡಿಸಿ. ಗ್ರಾಹಕರಿಗೆ ಮೊದಲೇ ತಿಳಿಸಿ. ಸಿಸ್ಟಮ್‌ನ ಡೆಲಿವರಿ ಕ್ಯಾಲೆಂಡರ್‌ನಲ್ಲಿ ಆ ದಿನವನ್ನು ಅರ್ಧ ದಿನ ಅಂತ ಹಾಕಿ, ಇಲ್ಲದಿದ್ದರೆ ಮಾರನೇ ದಿನ ವರದಿಯಲ್ಲಿ ಎಲ್ಲ ಕೆಂಪು.

ಫೋರ್ಕ್‌ಲಿಫ್ಟ್‌ಗೆ, ತೂಕದ ಯಂತ್ರಕ್ಕೆ, ಪ್ರಿಂಟರ್‌ಗೆ ಎಲ್ಲಕ್ಕೂ ನಮ್ಮಲ್ಲಿ ಪೂಜೆ ಆಗುತ್ತೆ. ಒಂದು ವರ್ಷ ಮಾರನೇ ಬೆಳಿಗ್ಗೆ ಹನ್ನೆರಡು ಸ್ಕ್ಯಾನರ್‌ಗಳಲ್ಲಿ ಒಂಬತ್ತು ಓದುತ್ತಲೇ ಇರಲಿಲ್ಲ. ಸಾಫ್ಟ್‌ವೇರ್ ಕಂಪನಿಗೆ ಫೋನ್ ಹೋಯಿತು. ಅವರು ದೂರದಿಂದಲೇ ಅರ್ಧ ಗಂಟೆ ಏನೇನೋ ಪರೀಕ್ಷೆ ಮಾಡಿದರು. ಆಮೇಲೆ ಗುಡಿಸಲು ಬಂದ ಅಕ್ಕ ಒಂದನ್ನು ಎತ್ತಿ ನೋಡಿ, ಸೆರಗಿನಿಂದ ಗಾಜು ಒರೆಸಿಕೊಟ್ಟರು. ಯಾರೋ ಭಕ್ತಿಯಿಂದ ಕುಂಕುಮವನ್ನು ಸರಿಯಾಗಿ ಲೇಸರ್ ಬರುವ ಜಾಗಕ್ಕೇ ಇಟ್ಟಿದ್ದರು. ಈಗ ಪೂಜೆಗೆ ಮುಂಚೆ ಪ್ರತಿ ಸ್ಕ್ಯಾನರ್‌ನ ಗಾಜಿನ ಮೇಲೆ ಒಂದು ಚೂರು ಟೇಪ್ ಅಂಟಿಸುತ್ತೇವೆ.